ಜಾಲಪುಟಗಳಲ್ಲಿ ಹಣದ ಚಿಹ್ನೆಗಳು

ರೂಪಾಯಿ, ಡಾಲರ್, ಪೌಂಡ್, ಯೂರೊ, ಯೆನ್ ಮೊದಲಾದ ಹಣದ ಚಿಹ್ನೆಗಳು ಜಾಲಪುಟದ ಮೇಲೆ ಸರಿಯಾಗಿ ಮೂಡಲು ಆಧಾರವಾಗಿರುವುದು ಅಕ್ಷರಸಂಕೇತಗಳ ವ್ಯವಸ್ಥೆ. ಕಾಗದದ ಮೇಲೆ ₹ ಎಂದರೆ ನಾಲ್ಕಾರು ಗೆರೆ. ಕಂಪ್ಯೂಟರಿಗೆ ಅದು 8377 ಎಂಬ ಸಂಖ್ಯೆ. ಪುಟವನ್ನು ಕಳಿಸುವ ಸರ್ವರ್ ಈ ಸಂಖ್ಯೆಯನ್ನು ಬೈಟುಗಳಾಗಿ ಮುರಿದು ಕಳಿಸುತ್ತದೆ. ಓದುವವರ ಬ್ರೌಸರ್ ಆ ಬೈಟುಗಳನ್ನು ಕೂಡಿಸಿ ಮತ್ತೆ ಸಂಖ್ಯೆ ಮಾಡಿಕೊಳ್ಳುತ್ತದೆ. ಆಮೇಲೆ ಫಾಂಟಿನಲ್ಲಿ ಆ ಸಂಖ್ಯೆಗೆ ಯಾವ ಆಕಾರ ಗೊತ್ತುಮಾಡಿದೆಯೋ ಅದನ್ನು ತೆಗೆದು ಪರದೆಯ ಮೇಲೆ ಬಿಡಿಸುತ್ತದೆ. ಮೂರರಲ್ಲಿ ಯಾವ ಹೆಜ್ಜೆ ತಪ್ಪಿದರೂ ಚಿಹ್ನೆ ಕೆಡುತ್ತದೆ. ಒಂದು ಪದದಲ್ಲಿ ಒಂದಕ್ಷರ ಕೆಟ್ಟರೆ ಹಿಂದುಮುಂದಿನ ಮಾತು ನೋಡಿ ಓದಿಕೊಳ್ಳಬಹುದು. 500ರ ಮುಂದಿನ ಚಿಹ್ನೆ ಕೆಟ್ಟರೆ ಹಿಡಿದುಕೊಳ್ಳಲು ಆಧಾರವೇ ಉಳಿಯುವುದಿಲ್ಲ. ಐನೂರು ರೂಪಾಯಿಗೂ ಐನೂರು ಡಾಲರಿಗೂ ಇರುವ ಅಂತರವನ್ನೆಲ್ಲ ಹೊತ್ತಿರುವುದು ಆ ಒಂದೇ ಗುರುತು. ಈ ಕಾರಣಕ್ಕೆ ಹಣದ ಚಿಹ್ನೆಯನ್ನು ಅಲಂಕಾರವೆಂದು ಬಗೆಯದೆ ಅಂಕಿಯಷ್ಟೇ ಎಚ್ಚರದಿಂದ ನಡೆಸಿಕೊಳ್ಳಬೇಕಾಗುತ್ತದೆ.

ಮೊದಲ ಜಾಗ ಡಾಲರಿಗೆ

ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತಮಾಲೆಯಲ್ಲಿ ಹಣದ ಚಿಹ್ನೆಯೆಂದರೆ ಡಾಲರ್ ಒಂದೇ. ಅದಕ್ಕೆ ಸಿಕ್ಕಿದ ಸಂಖ್ಯೆ 36, ಇವತ್ತಿಗೂ ಅದೇ. ಏಳು ಬಿಟ್ಟಿನ ಆ ಮಾಲೆಯಲ್ಲಿ ಇದ್ದದ್ದು ಒಟ್ಟು 128 ಸ್ಥಾನ. ಆಜ್ಞಾಸಂಕೇತಗಳು, ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಕುಳಿತ ಮೇಲೆ ಬೇರೆ ದೇಶದ ನಾಣ್ಯಕ್ಕೆ ಜಾಗವಿರಲಿಲ್ಲ. ಮಿಕ್ಕ ದೇಶಗಳು ಇದ್ದ ಜಾಗವನ್ನೇ ಬದಲಿಸಿಕೊಂಡವು. ಬ್ರಿಟನ್ 35ನೆಯ ಸ್ಥಾನದಲ್ಲಿದ್ದ # ಗುರುತನ್ನು ತೆಗೆದು ಅಲ್ಲಿ £ ಇಟ್ಟಿತು. ಜಪಾನ್ 92ನೆಯ ಸ್ಥಾನದ ಹಿಮ್ಮುಖ ಓರೆಗೆರೆಯ ಜಾಗಕ್ಕೆ ¥ ತಂದಿತು. ಕೊರಿಯಾ ಅದೇ ಜಾಗದಲ್ಲಿ ತನ್ನ ವೊನ್ ಚಿಹ್ನೆ ₩ ಇಟ್ಟಿತು.

ಇದರಿಂದ ಹುಟ್ಟಿದ ತೊಡಕು ಸಣ್ಣದಲ್ಲ. ಲಂಡನ್ನಿನ ಯಂತ್ರದಲ್ಲಿ £25 ಎಂದು ಬರೆದದ್ದು ನ್ಯೂಯಾರ್ಕಿನ ಯಂತ್ರದಲ್ಲಿ #25 ಎಂದು ಕಾಣುತ್ತಿತ್ತು. ಕಳಿಸಿದ ಸಂಖ್ಯೆ ಬದಲಾಗಿರಲಿಲ್ಲ. ಎರಡು ಊರಲ್ಲಿ ಅದರ ಅರ್ಥ ಬೇರೆಯಾಗಿತ್ತು. ಜಪಾನಿನ ಬದಲಾವಣೆಯ ಕುರುಹು ಈಗಲೂ ಉಳಿದಿದೆ: ಅಲ್ಲಿನ ವಿಂಡೋಸ್ ಗಣಕಗಳಲ್ಲಿ ಕಡತದ ವಿಳಾಸ ಬರೆದಾಗ ಕಡತಕೋಶಗಳ ನಡುವೆ ಓರೆಗೆರೆಯ ಬದಲು ಯೆನ್ ಚಿಹ್ನೆ ಕಾಣುತ್ತದೆ.

ಒಂದು ದೇಶದ ನಾಣ್ಯಕ್ಕೆ ಅಂತರರಾಷ್ಟ್ರೀಯ ಮಾನಕದಲ್ಲಿ ಪಟ್ಟ ಕಟ್ಟುವುದು ಸರಿಯೇ ಎಂಬ ತಕರಾರೂ ಎದ್ದಿತು. ಅದಕ್ಕೆ ಉತ್ತರವಾಗಿ 1970ರ ದಶಕದ ಆರಂಭದಲ್ಲಿ ಬಂದದ್ದು ¤ ಎಂಬ ಗುರುತು: ಸಣ್ಣ ಉಂಗುರ, ಅದರ ನಾಲ್ಕು ಮೂಲೆಗೆ ನಾಲ್ಕು ಕಡ್ಡಿ. ಯಾವ ನಾಣ್ಯಕ್ಕೂ ಸೇರದ, ‘ಇಲ್ಲಿ ಹಣವಿದೆ’ ಎಂದಷ್ಟೇ ಹೇಳುವ ಚಿಹ್ನೆ ಇದು. ಅಂಗಡಿ ನಡೆಸುವವರಿಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ಯಾವ ನಾಣ್ಯವೆಂದು ತಿಳಿಸದ ಬೆಲೆಯನ್ನು ಯಾರು ತಾನೆ ನಂಬುತ್ತಾರೆ? ಆದರೂ ¤ ಸಂಕೇತಮಾಲೆಯಲ್ಲಿ ಉಳಿಯಿತು. 1987ರಲ್ಲಿ ಬಂದ ಎಂಟು ಬಿಟ್ಟಿನ ಲ್ಯಾಟಿನ್-1 ಮಾಲೆಯಲ್ಲಿ ಸೆಂಟ್, ಪೌಂಡ್, ಸಾಮಾನ್ಯ ನಾಣ್ಯಚಿಹ್ನೆ, ಯೆನ್ ಇವು ಸಾಲಾಗಿ 162ರಿಂದ 165ರವರೆಗಿನ ಮನೆ ಹಿಡಿದವು.

ಜಾಲ ಹುಟ್ಟಿದ್ದು ಈ ಲ್ಯಾಟಿನ್-1 ನೆಲದ ಮೇಲೆಯೇ. ಕೀಲಿಮಣೆಯಲ್ಲಿ ಇಲ್ಲದ ಚಿಹ್ನೆಯನ್ನು ಪುಟದಲ್ಲಿ ಬರೆಯಲು ಎಚ್‌ಟಿಎಂಎಲ್ ಎರಡು ದಾರಿ ಕೊಟ್ಟಿತು. ಒಂದು, ಸಂಖ್ಯೆಯ ದಾರಿ: & ಗುರುತು, # ಗುರುತು, ಚಿಹ್ನೆಯ ಸಂಖ್ಯೆ, ಕೊನೆಗೆ ಅರ್ಧವಿರಾಮ. &#163; ಎಂದು ಬರೆದರೆ ಬ್ರೌಸರ್ £ ಎಂದು ತೋರಿಸುತ್ತದೆ; &#165; ಎಂದರೆ ¥. ಇನ್ನೊಂದು, ಹೆಸರಿನ ದಾರಿ: & ಗುರುತಿನ ನಂತರ ಇಂಗ್ಲಿಷಿನಲ್ಲಿ ‘ಪೌಂಡ್’, ‘ಯೆನ್’ ಅಥವಾ ‘ಸೆಂಟ್’ ಎಂಬ ಪದ, ಮತ್ತೆ ಅರ್ಧವಿರಾಮ. ಹೆಸರು ನೆನಪಿಡುವುದು ಸುಲಭ. ಆದರೆ ಎಲ್ಲ ನಾಣ್ಯಕ್ಕೂ ಹೆಸರಿಲ್ಲ. ಸಂಖ್ಯೆ ಎಲ್ಲಕ್ಕೂ ಇದೆ.

ಯೂರೊ ಕಲಿಸಿದ್ದು

ಯುರೋಪಿಯನ್ ಆಯೋಗ € ಚಿಹ್ನೆಯನ್ನು ಜನರ ಮುಂದಿಟ್ಟದ್ದು 1996ರ ಡಿಸೆಂಬರಿನಲ್ಲಿ. ಲೆಕ್ಕಪತ್ರದ ನಾಣ್ಯವಾಗಿ ಯೂರೊ ಜಾರಿಗೆ ಬಂದದ್ದು 1999ರ ಜನವರಿ 1ರಂದು. ನೋಟು, ನಾಣ್ಯ ಕೈಗೆ ಬಂದದ್ದು 2002ರ ಜನವರಿ 1ರಂದು. ಹಳೆಯ ಸಂಕೇತಮಾಲೆಗಳೆಲ್ಲ ಭರ್ತಿಯಾಗಿದ್ದ ಹೊತ್ತಿನಲ್ಲಿ ಹೊಸ ನೆಂಟ ಬಂದಂತಾಯಿತು. ಒಬ್ಬೊಬ್ಬರು ಒಂದೊಂದು ಕಡೆ ಜಾಗ ಮಾಡಿಕೊಟ್ಟರು. ಮೈಕ್ರೋಸಾಫ್ಟ್ ತನ್ನ ವಿಂಡೋಸ್-1252 ಮಾಲೆಯಲ್ಲಿ ಖಾಲಿಯಿದ್ದ 128ನೆಯ ಮನೆಯನ್ನು ಕೊಟ್ಟಿತು. ಲ್ಯಾಟಿನ್-1ನ್ನು ತಿದ್ದಿ ಮಾಡಿದ 8859-15 ಎಂಬ ಮಾನಕ 164ನೆಯ ಮನೆಯಲ್ಲಿದ್ದ ಆ ಯಾರಿಗೂ ಬೇಡದ ¤ ಗುರುತನ್ನು ಎಬ್ಬಿಸಿ ಅಲ್ಲಿ €ನ್ನು ಕೂರಿಸಿತು. ಎಲ್ಲ ಲಿಪಿಗಳಿಗೂ ಸೇರಿ ಒಂದೇ ಸಂಕೇತಮಾಲೆಯಾದ ಯೂನಿಕೋಡ್ 1998ರಲ್ಲಿ ತನ್ನ 2.1ನೆಯ ಆವೃತ್ತಿಯಲ್ಲಿ 8364 ಕೊಟ್ಟಿತು. 128, 164, 8364: ಒಂದೇ ಚಿಹ್ನೆಗೆ ಮೂರು ವಿಳಾಸ.

ಪುಟ ಬರೆದವರು 164ನ್ನು ಯೂರೊ ಎಂದು ಬಗೆದು, ಬ್ರೌಸರ್ ಅದನ್ನು ಲ್ಯಾಟಿನ್-1 ಎಂದು ಓದಿದರೆ ಬೆಲೆಯ ಮುಂದೆ ¤ ಕಾಣುತ್ತಿತ್ತು. ವಿಂಡೋಸಿನಲ್ಲಿ ಕೆಲಸ ಮಾಡುವವರು &#128; ಎಂದು ಬರೆದರು. ಎಚ್‌ಟಿಎಂಎಲ್ ನಿಯಮದಂತೆ ಅದು ತಪ್ಪು. ಯೂನಿಕೋಡಿನಲ್ಲಿ 128 ಒಂದು ಆಜ್ಞಾಸಂಕೇತ, ಅದಕ್ಕೆ ರೂಪವೇ ಇಲ್ಲ. ಅವರ ಯಂತ್ರದಲ್ಲಿ ಸರಿಯಾಗಿ ಕಂಡದ್ದರಿಂದ ತಪ್ಪೆಂದು ಗೊತ್ತಾಗಲಿಲ್ಲ. ಇಂಥ ಪುಟಗಳು ಎಷ್ಟು ಹಬ್ಬಿದವೆಂದರೆ ಈಗಿನ ಎಚ್‌ಟಿಎಂಎಲ್ ಮಾನಕವೇ, &#128; ಕಂಡರೆ ಅದನ್ನು ದೋಷವೆಂದು ಗುರುತಿಸಿ €ನ್ನೇ ತೋರಿಸಬೇಕೆಂದು ಬ್ರೌಸರುಗಳಿಗೆ ವಿಧಿಸಿದೆ. ಜನರ ತಪ್ಪನ್ನು ಮಾನಕವೇ ಹೊಟ್ಟೆಗೆ ಹಾಕಿಕೊಂಡ ಉದಾಹರಣೆಯಿದು. ಹೊಸದಾಗಿ ಬರೆಯುವವರಿಗೆ ಮಾತ್ರ ಸರಿಯಾದ ಸಂಖ್ಯೆ &#8364; ಒಂದೇ. 1997ರ ಡಿಸೆಂಬರಿನ ಎಚ್‌ಟಿಎಂಎಲ್ 4.0 ಯೂರೊಗೆ ಹೆಸರಿನ ಸಂಕೇತವನ್ನೂ ಕೊಟ್ಟಿತು.

ಯೂನಿಕೋಡಿನ ಹಣದ ಓಣಿ

ಪ್ರಪಂಚದ ಎಲ್ಲ ಲಿಪಿಗೂ ಒಂದೇ ಸಂಖ್ಯಾಕ್ರಮ ಎಂಬ ಯೂನಿಕೋಡಿನ ಸಂಕಲ್ಪದಲ್ಲಿ ನಾಣ್ಯಚಿಹ್ನೆಗಳಿಗೂ ಪ್ರತ್ಯೇಕ ಓಣಿಯಿದೆ. ಹದಿನಾರರ ಮಾನದಲ್ಲಿ 20ಎ0 ಇಂದ 20ಸಿಎಫ್ ವರೆಗೆ, ನಮ್ಮ ಹತ್ತರ ಮಾನದಲ್ಲಿ 8352ರಿಂದ 8399ರವರೆಗೆ, ಒಟ್ಟು 48 ಮನೆ. ನೈಜೀರಿಯಾದ ನೈರಾ ₦ (8358), ಕೊರಿಯಾದ ವೊನ್ ₩ (8361), ಇಸ್ರೇಲಿನ ಶೆಕೆಲ್ ₪ (8362), ವಿಯೆಟ್ನಾಮಿನ ಡಾಂಗ್ ₫ (8363), ಫಿಲಿಪ್ಪೀನ್ಸಿನ ಪೆಸೊ ₱ (8369), ಉಕ್ರೇನಿನ ಹ್ರಿವ್ನಿಯಾ ₴ (8372), ಟರ್ಕಿಯ ಲಿರಾ ₺ (8378), ರಷ್ಯಾದ ರೂಬಲ್ ₽ (8381), ಬಿಟ್‌ಕಾಯಿನ್ ₿ (8383) ಎಲ್ಲವೂ ಇಲ್ಲೇ ಇವೆ. ಚಲಾವಣೆಯಿಂದ ಹೋದ ಫ್ರೆಂಚ್ ಫ್ರಾಂಕ್, ಸ್ಪೇನಿನ ಪೆಸೆಟಾ, ಗ್ರೀಸಿನ ದ್ರಾಕ್ಮಾಗಳೂ ಇವೆ. ಒಮ್ಮೆ ಕೊಟ್ಟ ಮನೆಯನ್ನು ಯೂನಿಕೋಡ್ ಹಿಂದಕ್ಕೆ ಪಡೆಯುವುದಿಲ್ಲ, ಬೇರೆಯವರಿಗೂ ಕೊಡುವುದಿಲ್ಲ. ಹಳೆಯ ದಾಖಲೆ ಮುಂದೆಯೂ ಓದಲು ಬರಬೇಕೆಂಬ ಕಾರಣಕ್ಕೆ. ಟರ್ಕಿ 2012ರಲ್ಲಿ ಲಿರಾ ಚಿಹ್ನೆ ಪ್ರಕಟಿಸಿದಾಗ ಅದೇ ವರ್ಷ ಬಂದ ಯೂನಿಕೋಡ್ 6.2 ಸೇರಿಸಿದ ಹೊಸ ಅಕ್ಷರ ಆ ಒಂದೇ. ಒಂದು ಚಿಹ್ನೆಗಾಗಿ ಒಂದು ಆವೃತ್ತಿ. ಸೌದಿ ಅರೇಬಿಯಾ 2025ರ ಫೆಬ್ರವರಿಯಲ್ಲಿ ಹೊರತಂದ ರಿಯಾಲ್ ಚಿಹ್ನೆ ಅದೇ ವರ್ಷದ ಯೂನಿಕೋಡ್ 17ರಲ್ಲಿ 8385ನೆಯ ಮನೆ ಸೇರಿತು.

ಎಲ್ಲ ನಾಣ್ಯವೂ ಈ ಓಣಿಯಲ್ಲೇ ಸಿಗುತ್ತದೆಂದು ತಿಳಿಯಬಾರದು. ಆಯಾ ಲಿಪಿಯ ಜೊತೆಗೇ ಬೆಳೆದ ಚಿಹ್ನೆಗಳು ಆ ಲಿಪಿಯ ಮನೆಯಲ್ಲೇ ಉಳಿದಿವೆ: ಬಾಂಗ್ಲಾದೇಶದ ಟಾಕಾ ৳ (2547) ಬಂಗಾಳಿಯಲ್ಲಿ, ಬಾಟ್ ฿ (3647) ಥಾಯ್ ಲಿಪಿಯಲ್ಲಿ, ಇರಾನಿನ ರಿಯಾಲ್ (65020) ಅರಬ್ಬಿಯಲ್ಲಿ.

ರೂಪಾಯಿಯ ಚಿಹ್ನೆ

2010ಕ್ಕೆ ಮುಂಚೆಯೂ ಯೂನಿಕೋಡಿನಲ್ಲಿ ರೂಪಾಯಿಗೊಂದು ಗುರುತಿತ್ತು: ಇಂಗ್ಲಿಷಿನ ಆರ್ ಮತ್ತು ಎಸ್ ಅಕ್ಷರಗಳನ್ನು ಒಂದೇ ಅಚ್ಚಿನಲ್ಲಿ ಹೊಯ್ದ ₨ (8360). ಭಾರತಕ್ಕೆ ಮಾತ್ರ ಸೇರಿದ್ದಲ್ಲ ಅದು. ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್ಸಿನ ನಾಣ್ಯಗಳ ಹೆಸರೂ ರೂಪಾಯಿಯೇ. ಭಾರತ ಸರ್ಕಾರ 2009ರಲ್ಲಿ ಸಾರ್ವಜನಿಕ ಸ್ಪರ್ಧೆ ಕರೆಯಿತು. ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದವು. ಅಂತಿಮ ಸುತ್ತಿಗೆ ಐದು ಉಳಿದವು. ಮುಂಬಯಿಯ ಐಐಟಿಯಲ್ಲಿ ವಿನ್ಯಾಸ ಓದಿದ ಡಿ. ಉದಯಕುಮಾರ್ ಬಿಡಿಸಿದ ಚಿಹ್ನೆಯನ್ನು ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಒಪ್ಪಿತು. ದೇವನಾಗರಿಯ ‘ರ’ ಅಕ್ಷರ ಮತ್ತು ರೋಮನ್ ಲಿಪಿಯ ಆರ್, ಎರಡೂ ಅದರಲ್ಲಿ ಕಾಣುತ್ತವೆ. ತಲೆಯ ಮೇಲೆ ಶಿರೋರೇಖೆ, ಅದರ ಕೆಳಗೆ ಸಮಾನಾಂತರವಾಗಿ ಇನ್ನೊಂದು ಗೆರೆ.

ಯೂನಿಕೋಡ್ 6.0 ಅದೇ ವರ್ಷದ ಅಕ್ಟೋಬರಿನಲ್ಲಿ ₹ ಚಿಹ್ನೆಗೆ 8377 ಎಂಬ ಸಂಖ್ಯೆ ಕೊಟ್ಟಿತು. ಹದಿನಾರರ ಮಾನದಲ್ಲಿ 20ಬಿ9. ಜುಲೈಯಿಂದ ಅಕ್ಟೋಬರಿಗೆ ಮೂರು ತಿಂಗಳು. ಇಷ್ಟು ಬೇಗ ಮನೆ ಸಿಗುವುದು ಸಾಮಾನ್ಯವಲ್ಲ. ಆದರೆ ಆ ಮೂರು ತಿಂಗಳಲ್ಲಿ, ಮತ್ತು ಫಾಂಟುಗಳು ಹೊಸ ಚಿಹ್ನೆಯನ್ನು ಸೇರಿಸಿಕೊಳ್ಳಲು ಹಿಡಿದ ಮುಂದಿನ ವರ್ಷಗಳಲ್ಲಿ ನಡೆದದ್ದು ಈ ವಿಷಯದ ಪಾಠವೆಲ್ಲವನ್ನೂ ಒಳಗೊಂಡಿದೆ.

ಸಂಪುಟದ ಒಪ್ಪಿಗೆ ಬಿದ್ದ ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಸಂಸ್ಥೆ ರೂಪಾಯಿ ಚಿಹ್ನೆಯಿರುವ ಫಾಂಟೊಂದನ್ನು ಉಚಿತವಾಗಿ ಬಿಡುಗಡೆ ಮಾಡಿತು. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲಿರುವ, ಎಡಕ್ಕೆ ವಾಲಿದ ಸಣ್ಣ ಗೆರೆಯ ಕೀಲಿ ಒತ್ತಿದರೆ ಹೊಸ ಚಿಹ್ನೆ ಬರುತ್ತಿತ್ತು. ಚಿಹ್ನೆ ಬಂತೆಂದು ಕೇಳಿದ ದಿನವೇ ಅದನ್ನು ಟೈಪು ಮಾಡಿ ನೋಡಬೇಕೆಂದಿದ್ದ ಸಾವಿರಾರು ಜನರ ಆಸೆಯನ್ನು ಅದು ಈಡೇರಿಸಿತು. ದೇಶದ ಹೊಸ ಚಿಹ್ನೆಯನ್ನು ಮೊದಮೊದಲು ಜನರ ಪರದೆಗೆ ತಂದದ್ದು ನಮ್ಮ ಕರಾವಳಿಯ ಊರೊಂದರ ಕೆಲಸ ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು 96, ಅಂದರೆ ಆ ಸಣ್ಣ ಓರೆಗೆರೆಯ ಸಂಖ್ಯೆ. ಫಾಂಟ್ ಅದರ ಮೇಲೆ ರೂಪಾಯಿಯ ವೇಷ ತೊಡಿಸುತ್ತಿತ್ತು. ಅದೇ ಬರಹವನ್ನು ಆ ಫಾಂಟ್ ಇಲ್ಲದ ಗೆಳೆಯರಿಗೆ ಇಮೇಲಿನಲ್ಲಿ ಕಳಿಸಿದರೆ ₹500 ಹೋಗಿ `500 ಆಗುತ್ತಿತ್ತು.

ಕನ್ನಡದ ಓದುಗರಿಗೆ ಈ ಬಗೆಯ ತೊಂದರೆ ಹೊಸತಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡು ಕಂಗೆಟ್ಟವರು ಇಂದಿಗೂ ಇದ್ದಾರೆ. ಅಲ್ಲೂ ಆಗುತ್ತಿದ್ದದ್ದು ಇದೇ: ಸಂಖ್ಯೆ ಬೇರೆಯವರದು, ಆಕಾರ ನಮ್ಮದು. ಯೂನಿಕೋಡ್ ಬಂದ ಮೇಲೆ ಅಕ್ಷರಕ್ಕೆ ಅದರದೇ ಸಂಖ್ಯೆ ಸಿಕ್ಕಿತು, ಕಡತ ಯಾವ ಊರಿಗೆ ಹೋದರೂ ಕನ್ನಡವಾಗಿಯೇ ಉಳಿಯಿತು. ರೂಪಾಯಿ ಚಿಹ್ನೆಯೂ ಅದೇ ದಾರಿಯಲ್ಲಿ, ಆದರೆ ಬಹಳ ವೇಗವಾಗಿ ನಡೆಯಿತು.

ಜಾಲಪುಟಗಳವರು ಇನ್ನೂ ಬೇರೆ ಉಪಾಯ ಮಾಡಿದರು. ಕೆಲವರು ಚಿಹ್ನೆಯ ಪುಟ್ಟ ಚಿತ್ರವನ್ನು ಪ್ರತಿ ಬೆಲೆಯ ಮುಂದೆ ಅಂಟಿಸಿದರು. ಚಿತ್ರ ಅಕ್ಷರದ ಜೊತೆ ದೊಡ್ಡದಾಗುವುದಿಲ್ಲ, ಬಣ್ಣ ಬದಲಿಸುವುದಿಲ್ಲ, ನಕಲು ಮಾಡಿದಾಗ ಕೈಬಿಟ್ಟುಹೋಗುತ್ತದೆ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಅದು ಏನೆಂದೇ ತಿಳಿಯುವುದಿಲ್ಲ. ವೆಬ್‌ರುಪೀ ಎಂಬ ಸೇವೆ ಇದಕ್ಕಿಂತ ಒಳ್ಳೆಯ ದಾರಿ ಹಿಡಿಯಿತು: ಪುಟದಲ್ಲಿ ಎಂದಿನಂತೆ ಆರ್, ಎಸ್ ಅಕ್ಷರಗಳೇ ಇರುತ್ತಿದ್ದವು, ಅವುಗಳ ಮೇಲೆ ಫಾಂಟ್ ಹೊಸ ಚಿಹ್ನೆಯ ರೂಪ ಹೊದಿಸುತ್ತಿತ್ತು. ಫಾಂಟ್ ಕೈಕೊಟ್ಟರೂ ಓದುವವರಿಗೆ ಹಳೆಯ ರೂಪವಾದರೂ ಸಿಗುತ್ತಿತ್ತು. ಆಮೇಲೆ ಫಾಂಟ್ ಆಸಮ್‌ನಂಥ ಐಕಾನ್ ಫಾಂಟುಗಳು ರೂಪಾಯಿ ಚಿಹ್ನೆಯನ್ನು ಯೂನಿಕೋಡಿನ ಖಾಸಗಿ ವಲಯದ ಸಂಖ್ಯೆಯಲ್ಲಿಟ್ಟು ಕೊಟ್ಟವು. ಖಾಸಗಿ ವಲಯದ ಸಂಖ್ಯೆಗೆ ಹೊರಗೆ ಯಾವ ಅರ್ಥವೂ ಇಲ್ಲ. ಬೆಲೆಯನ್ನು ನಕಲು ಮಾಡಿ ಬೇರೆಡೆ ಹಾಕಿದರೆ ಚಿಹ್ನೆಯ ಜಾಗದಲ್ಲಿ ಖಾಲಿ ಡಬ್ಬಿ. ಆ ಹೊತ್ತಿನ ಅನಿವಾರ್ಯತೆಗೆ ಹುಟ್ಟಿದ ಇಂಥ ಉಪಾಯಗಳು ನಿಜವಾದ ಸಂಕೇತ ಸಿಕ್ಕ ಮೇಲೂ ಅನೇಕ ಪುಟಗಳಲ್ಲಿ ಉಳಿದುಕೊಂಡಿವೆ. ಉಳಿಯಲು ಈಗ ಯಾವ ಕಾರಣವೂ ಇಲ್ಲ.

ಬರೆಯುವ ಬಗೆ

ಇವತ್ತು ಸರಳವಾದ ದಾರಿಯೆಂದರೆ ಚಿಹ್ನೆಯನ್ನು ನೇರವಾಗಿ ಟೈಪು ಮಾಡುವುದು. ವಿಂಡೋಸಿನ ಭಾರತೀಯ ಇಂಗ್ಲಿಷ್ ಕೀಲಿಮಣೆಯಲ್ಲಿ ಬಲಗಡೆಯ ಆಲ್ಟ್ ಕೀಲಿಯ ಜೊತೆ 4 ಒತ್ತಿದರೆ ₹ ಬರುತ್ತದೆ. ಹಾಗೆ ಟೈಪಿಸಲಾಗದ ಕಡೆ &#8377; ಎಂದು ಬರೆಯಬಹುದು. ಹದಿನಾರರ ಮಾನದಲ್ಲಿ ಬರೆಯುವುದಾದರೆ # ಗುರುತಿನ ನಂತರ ಎಕ್ಸ್ ಅಕ್ಷರ ಸೇರಿಸಿ 20ಬಿ9 ಬರೆಯಬೇಕು, ಫಲ ಒಂದೇ. ಸಿಎಸ್ಎಸ್ ಶೈಲಿಹಾಳೆಯಲ್ಲಿ & ಬರಹ ನಡೆಯುವುದಿಲ್ಲ, ಅಲ್ಲಿ ಹಿಮ್ಮುಖ ಓರೆಗೆರೆಯ ನಂತರ 20ಬಿ9; ಜಾವಾಸ್ಕ್ರಿಪ್ಟಿನಲ್ಲಿ ಓರೆಗೆರೆಯ ಜೊತೆ ಸಣ್ಣ ಯು ಅಕ್ಷರವೂ ಬೇಕು. ರೂಪಾಯಿಗೆ ಹೆಸರಿನ ಸಂಕೇತ ಎಚ್‌ಟಿಎಂಎಲ್‌ನಲ್ಲಿ ಇಲ್ಲ. ಪೌಂಡಿಗೆ, ಯೂರೊಗೆ ಇರುವಂತೆ ಇದಕ್ಕೂ ಇರಬೇಕೆಂದು ಊಹಿಸಿ ಬರೆದವರ ಪುಟದಲ್ಲಿ ಆ ಊಹೆಯ ಪದವೇ ಹಾಗೇ ಕಾಣಿಸುತ್ತದೆ. ಹೆಸರುಗಳ ಪಟ್ಟಿಯನ್ನು ಇನ್ನು ಮುಂದೆ ಹಿಗ್ಗಿಸುವುದಿಲ್ಲವೆಂದು ಮಾನಕವೇ ಹೇಳಿರುವುದರಿಂದ ಮುಂದೆಯೂ ಬರುವ ನಿರೀಕ್ಷೆಯಿಲ್ಲ.

ಕೊನೆಯ ಅರ್ಧವಿರಾಮವನ್ನು ಬಿಡುವುದು ಹಳೆಯ ಚಾಳಿ. ಹಣದ ವಿಷಯದಲ್ಲಿ ಇದು ಅಪಾಯಕಾರಿ, ಏಕೆಂದರೆ ಚಿಹ್ನೆಯಾದ ಕೂಡಲೆ ಅಂಕಿ ಬರುತ್ತದೆ. ಐದು ಪೌಂಡ್ ಎಂದು ತೋರಿಸಲು ಅರ್ಧವಿರಾಮವಿಲ್ಲದೆ &#1635 ಎಂದು ಬರೆದರೆ ಬ್ರೌಸರ್ ಅದನ್ನು 163 ಮತ್ತು 5 ಎಂದು ಬಿಡಿಸುವುದಿಲ್ಲ; 1635 ಎಂದೇ ಓದುತ್ತದೆ. ಯೂನಿಕೋಡಿನಲ್ಲಿ 1635 ಅಂದರೆ ಅರಬ್ಬಿ ಲಿಪಿಯ ಅಂಕಿ ಮೂರು. ಐದು ಪೌಂಡ್ ಮಾಯವಾಗಿ ಅರಬ್ಬಿಯ ಮೂರು ಉಳಿಯುತ್ತದೆ. &#8377500 ಎಂದು ಬರೆದರೆ ಸಂಖ್ಯೆ ಯೂನಿಕೋಡಿನ ಮೇಲ್ಮಿತಿಯನ್ನೇ ಮೀರುವುದರಿಂದ ಬೆಲೆಯೂ ಚಿಹ್ನೆಯೂ ಒಟ್ಟಿಗೆ ಹೋಗಿ ಪ್ರಶ್ನಾರ್ಥಕದ ಕಪ್ಪು ವಜ್ರಾಕೃತಿಯೊಂದು ಕಾಣುತ್ತದೆ. ಹೆಸರಿನ ದಾರಿಯಲ್ಲೂ ಇಂಥ ಹೊಂಡವಿದೆ. ¤ ಚಿಹ್ನೆಯ ಸಂಕೇತನಾಮ, ಇಂಗ್ಲಿಷಿನ ‘ಕರೆನ್ಸಿ’ ಎಂಬ ಪದದ ಮೊದಲ ಆರು ಅಕ್ಷರ. ಹಳೆಯ ಹೆಸರಾದ್ದರಿಂದ ಅದಕ್ಕೆ ಅರ್ಧವಿರಾಮ ಕಡ್ಡಾಯವಿಲ್ಲ. ಹೀಗಾಗಿ & ಗುರುತಿನ ನಂತರ ‘ಕರೆನ್ಸಿ’ ಎಂಬ ಪದವಿರುವ ಜಾಲವಿಳಾಸವನ್ನು ಪುಟದ ಬರಹದಲ್ಲಿ ಹಾಗೆಯೇ ಅಂಟಿಸಿದರೆ ಮೊದಲ ಆರು ಅಕ್ಷರ ¤ ಆಗಿ ಬದಲಾಗಿ, ಕೊನೆಯ ಎರಡಷ್ಟೇ ಉಳಿಯುತ್ತವೆ. ಇಂಥ ಕಡೆ & ಗುರುತನ್ನೇ ಅದರ ಸಂಕೇತವಾದ &#38; ಎಂದು ಬರೆಯಬೇಕು. ಇದರ ತಿರುಗುಮುರುಗು ತಪ್ಪೂ ಉಂಟು: ಭದ್ರತೆಗಾಗಿ ಎಲ್ಲ & ಗುರುತನ್ನೂ ಸಂಕೇತಕ್ಕೆ ತಿರುಗಿಸುವ ತಂತ್ರಾಂಶದ ಮೂಲಕ ರೂಪಾಯಿಯ ಸಂಕೇತ ಹಾದುಹೋದರೆ, ಗಿರಾಕಿಯ ಕಣ್ಣಿಗೆ ₹ ಬದಲು &#8377; ಎಂಬ ಬರಹವೇ ಬೀಳುತ್ತದೆ.

ಬೈಟು ಕೆಟ್ಟಾಗ, ಫಾಂಟ್ ಸೋತಾಗ

ಸಂಖ್ಯೆಯನ್ನು ಬೈಟುಗಳಾಗಿ ಮುರಿಯಲು ಜಾಲದ ಈಗಿನ ಸಾಮಾನ್ಯ ರೂಢಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ಕ್ರಮದಲ್ಲಿ $ ಒಂದೇ ಬೈಟು, £ ಎರಡು, ₹ ಮತ್ತು € ಮೂರು ಮೂರು. ₹ ಚಿಹ್ನೆಯ ಮೂರು ಬೈಟುಗಳು 226, 130, 185. ಪುಟ ಯುಟಿಎಫ್-8 ಎಂದು ಸಾರದೇ ಹೋದರೆ ಬ್ರೌಸರ್ ಇದನ್ನು ಹಳೆಯ ವಿಂಡೋಸ್-1252 ಎಂದು ಬಗೆದು, ಮೂರು ಬೈಟಿಗೆ ಮೂರು ಅಕ್ಷರ ತೋರಿಸಬಹುದು: ತಲೆಗೆ ಟೋಪಿಯಿಟ್ಟ ಸಣ್ಣ ಎ, ಅಲ್ಪವಿರಾಮದಂಥ ಒಂದು ಗುರುತು, ಮೇಲಕ್ಕೆ ಏರಿಸಿದ ಪುಟ್ಟ ¹. ಪೌಂಡಿನ ಮುಂದೆ ಟೋಪಿಯಿಟ್ಟ ದೊಡ್ಡ ಎ ಬಂದು ನಿಲ್ಲುವುದೂ ಇದೇ ಕಾರಣದಿಂದ. ಮದ್ದು ಸುಲಭ. ಪುಟದ ಮೊದಲ 1024 ಬೈಟುಗಳ ಒಳಗೆ, ಇದು ಯುಟಿಎಫ್-8 ಎಂಬ ಘೋಷಣೆಯಿರಬೇಕು. ಸರ್ವರ್ ಕಳಿಸುವ ತಲೆಬರಹವೂ ಅದನ್ನೇ ಹೇಳಬೇಕು. ಬೆಲೆಗಳನ್ನು ಇಟ್ಟಿರುವ ದತ್ತಸಂಚಯವೂ ಅದೇ ಕ್ರಮದಲ್ಲಿರಬೇಕು. ದತ್ತಸಂಚಯ ಹಳೆಯ ಲ್ಯಾಟಿನ್ ಕ್ರಮದಲ್ಲಿದ್ದರೆ ₹ ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದುಬಿಡಬಹುದು, ಆಮೇಲೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಸಂಖ್ಯಾಸಂಕೇತದ ಒಂದು ಗುಣ ಇಲ್ಲಿ ನೆರವಿಗೆ ಬರುತ್ತದೆ. &#8377; ಎಂಬುದರಲ್ಲಿರುವ ಗುರುತುಗಳೆಲ್ಲ ಆಸ್ಕಿಯವೇ ಆದ್ದರಿಂದ ಪುಟದ ಬೈಟುಗಳನ್ನು ಬ್ರೌಸರ್ ಲ್ಯಾಟಿನ್ ಕ್ರಮವೆಂದು ತಪ್ಪಾಗಿ ಓದಿದರೂ ಅದು ಕೆಡುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ತಪ್ಪು ಜಾಲಪುಟದಿಂದ ತಯಾರಾಗುವ ಪಿಡಿಎಫ್ ರಸೀದಿಗಳಲ್ಲಿ ಆಗುತ್ತದೆ. ಪಿಡಿಎಫ್‌ನೊಂದಿಗೆ ಬಂದ ಮೂಲ ಫಾಂಟುಗಳ ಸಂಕೇತಮಾಲೆಯಲ್ಲಿ ₹ ಇಲ್ಲ. ಬೇರೆ ಫಾಂಟ್ ಅಳವಡಿಸದೆ ಹಾಗೇ ಬರೆದಾಗ ಕೆಲವು ತಂತ್ರಾಂಶಗಳು 20ಬಿ9 ಎಂಬ ಸಂಖ್ಯೆಯ ಮೊದಲರ್ಧ ಬಿಟ್ಟು ಬಿ9 ಅನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಬಿ9 ಎಂದರೆ 185, ಅಂದರೆ ಅದೇ ಪುಟ್ಟ ¹. ₹500 ಎಂಬುದು ¹500 ಎಂದು ಅಚ್ಚಾಗುತ್ತದೆ. ಕಣ್ಣು ಮಂದವಾದವರಿಗೆ, ಅವಸರದಲ್ಲಿರುವವರಿಗೆ ಅದು ಸಾವಿರದ ಐನೂರು. ಡಬ್ಬಿ ಕಂಡರೆ ಏನೋ ತಪ್ಪಾಗಿದೆಯೆಂದು ಓದುವವರು ತಿಳಿಯುತ್ತಾರೆ. ಇಲ್ಲಿ ತಪ್ಪು ಅಂಕಿಯ ವೇಷದಲ್ಲೇ ಬಂದು ಕೂರುತ್ತದೆ. ಚಿಹ್ನೆಯುಳ್ಳ ಫಾಂಟನ್ನು ರಸೀದಿಯೊಳಗೇ ಸೇರಿಸುವುದೊಂದೇ ಇದಕ್ಕೆ ಪರಿಹಾರ.

ಫಾಂಟಿನಲ್ಲಿ ಆಕಾರ ಇಲ್ಲದಿದ್ದರೆ ಬ್ರೌಸರ್ ಯಂತ್ರದಲ್ಲಿರುವ ಬೇರೆ ಫಾಂಟುಗಳಲ್ಲಿ ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ ಖಾಲಿ ಡಬ್ಬಿ ತೋರಿಸುತ್ತದೆ. ₹ ಬಂದ ಹೊಸತರಲ್ಲಿ ಇದೇ ದೊಡ್ಡ ಗೋಳಾಗಿತ್ತು. ಹಳೆಯ ವಿಂಡೋಸ್ ಆವೃತ್ತಿಗಳಿಗೆ ಪ್ರತ್ಯೇಕ ಪರಿಷ್ಕರಣೆ ಹಾಕಿಕೊಳ್ಳಬೇಕಿತ್ತು. ಈಗ ಸಾಮಾನ್ಯ ಯಂತ್ರ, ಮೊಬೈಲುಗಳಲ್ಲಿ ಚಿಂತೆಯಿಲ್ಲ. ಆದರೂ ಬೆಲೆಯ ಅಂಕಿ ಒಂದು ಫಾಂಟಿನಲ್ಲಿ, ಚಿಹ್ನೆ ಇನ್ನೊಂದರಲ್ಲಿ ಮೂಡಿ, ತೋರ ಅಂಕಿಯ ಪಕ್ಕ ಬಡಕಲು ₹ ನಿಂತಿರುವುದನ್ನು ದೊಡ್ಡ ಅಂಗಡಿಗಳ ಪುಟದಲ್ಲೂ ಕಾಣಬಹುದು.

ಮೊಬೈಲಿನ ಕಿರುಸಂದೇಶ ಜಾಲಪುಟವಲ್ಲ. ಆದರೂ ಜಾಲದಲ್ಲಿ ನಡೆದ ಪ್ರತಿ ವ್ಯವಹಾರದ ಸುದ್ದಿ ಅಲ್ಲಿಗೇ ಬರುವುದರಿಂದ ಒಂದು ಮಾತು ಹೇಳಬೇಕು. ಎಸ್ಸೆಮ್ಮೆಸ್ಸಿನ ಏಳು ಬಿಟ್ಟಿನ ಮೂಲ ಅಕ್ಷರಮಾಲೆಯಲ್ಲಿ $, £, ¥ ಇವೆ. € ವಿಸ್ತರಣೆಯ ಪಟ್ಟಿಯಲ್ಲಿದ್ದು ಎರಡು ಅಕ್ಷರದ ಜಾಗ ತಿನ್ನುತ್ತದೆ. ₹ ಇಲ್ಲ. ಸಂದೇಶದಲ್ಲಿ ಒಂದೇ ಒಂದು ₹ ಬಂದರೂ ಇಡೀ ಸಂದೇಶ ಯೂನಿಕೋಡ್ ಕ್ರಮಕ್ಕೆ ಹೊರಳಿ, 160 ಅಕ್ಷರದ ಮಿತಿ 70ಕ್ಕೆ ಇಳಿಯುತ್ತದೆ. ಬ್ಯಾಂಕಿನ ಇಂಗ್ಲಿಷ್ ಸಂದೇಶಗಳು ಹಳೆಯ ಆರ್, ಎಸ್ ಅಕ್ಷರಗಳಿಗೇ ಅಂಟಿಕೊಳ್ಳಲು ಇದೂ ಒಂದು ಕಾರಣ. ಕನ್ನಡದ ಸಂದೇಶ ಹೇಗೂ ಯೂನಿಕೋಡಿನಲ್ಲೇ ಹೋಗುತ್ತದೆ. ಅಲ್ಲಿ ₹ ಹಾಕಿದರೆ ಹೆಚ್ಚಿನ ಖರ್ಚಿಲ್ಲ.

ಚಿಹ್ನೆಯೊಂದೇ ಸಾಲದು

$ ಎಂದರೆ ಅಮೆರಿಕದ್ದೋ, ಕೆನಡಾದ್ದೋ, ಆಸ್ಟ್ರೇಲಿಯಾದ್ದೋ, ಸಿಂಗಪುರದ್ದೋ? ¥ ಜಪಾನಿನ ಯೆನ್ನಿಗೂ ಚೀನಾದ ಯುವಾನಿಗೂ ಒಂದೇ. ವಿದೇಶದ ಗಿರಾಕಿಗಳಿಗೂ ಮಾರುವ ಪುಟದಲ್ಲಿ ಚಿಹ್ನೆಯ ಜೊತೆ 1978ರಿಂದ ಬಳಕೆಯಲ್ಲಿರುವ 4217ನೆಯ ಅಂತರರಾಷ್ಟ್ರೀಯ ಮಾನಕದ ಮೂರಕ್ಷರದ ಸಂಕೇತ ಬೇಕು: ಐಎನ್ಆರ್, ಯುಎಸ್‌ಡಿ, ಜೆಪಿವೈ ಹೀಗೆ. ಚಿಹ್ನೆ ಎಲ್ಲಿ ನಿಲ್ಲಬೇಕೆಂಬುದೂ ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ₹ ಅಂಕಿಯ ಮುಂದೆ, ಜರ್ಮನ್ ಬರಹದಲ್ಲಿ € ಅಂಕಿಯ ನಂತರ. ಅಲ್ಪವಿರಾಮವೂ ನಮ್ಮಲ್ಲಿ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಬೀಳುತ್ತದೆ: ₹12,34,567. ಬ್ರೌಸರುಗಳಲ್ಲೇ ಇರುವ ಸಂಖ್ಯಾರೂಪಕ ಸೌಲಭ್ಯಕ್ಕೆ ಭಾಷೆ, ದೇಶ, ನಾಣ್ಯ ತಿಳಿಸಿದರೆ ಇದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಸಾಲು ಮುರಿಯುವುದು ಸಣ್ಣ ಸಂಗತಿಯಂತೆ ಕಂಡರೂ ಓದಿಗೆ ತೊಡಕು. ₹ ಚಿಹ್ನೆಗೆ ಅಂಟಿದ ಅಂಕಿಯನ್ನು ಬ್ರೌಸರ್ ಮುಂದಿನ ಸಾಲಿಗೆ ತಳ್ಳಬಾರದೆಂಬ ನಿಯಮ ಯೂನಿಕೋಡಿನಲ್ಲಿದೆ. ಆದರೆ ‘ರೂ.’ ಬರೆದು, ಜಾಗ ಬಿಟ್ಟು, 500 ಎಂದು ಬರೆದಾಗ ಆ ನಿಯಮ ಅನ್ವಯಿಸುವುದಿಲ್ಲ, ‘ರೂ.’ ಒಂದು ಸಾಲಿನ ಕೊನೆಗೆ, 500 ಮುಂದಿನ ಸಾಲಿನ ತಲೆಗೆ ಬಂದುಬಿಡುತ್ತದೆ. ನಡುವಿನ ಜಾಗವನ್ನು ಮುರಿಯದ ಜಾಗದ ಸಂಕೇತವಾದ &#160; ಎಂದು ಬರೆದರೆ ಎರಡೂ ಕೂಡಿಯೇ ಇರುತ್ತವೆ.

ಕನ್ನಡದ ಬರಹದಲ್ಲಿ

ಕನ್ನಡಕ್ಕೆ ‘ರೂ.’ ಎಂಬ ಹ್ರಸ್ವರೂಪ ಬಹುಕಾಲದ ರೂಢಿ, ಕೆಲವರು ‘ರು.’ ಎಂದೂ ಬರೆಯುತ್ತಾರೆ. ₹ ಬಂದ ಮೇಲೆ ಪತ್ರಿಕೆಗಳಲ್ಲಿ, ಜಾಲತಾಣಗಳಲ್ಲಿ ಎರಡೂ ನಡೆಯುತ್ತಿವೆ. ಎರಡಕ್ಕೂ ಅದರದರ ಅನುಕೂಲವಿದೆ. ಬೆಲೆಪಟ್ಟಿ, ಕೋಷ್ಟಕ, ರಸೀದಿಗಳಲ್ಲಿ ₹ ಮೇಲು. ಯಾವ ಭಾಷೆಯವರಿಗೂ ಅರ್ಥವಾಗುತ್ತದೆ, ಜಾಗ ಕಡಿಮೆ ಸಾಕು. ವಾಕ್ಯದ ನಡುವೆ ಬಂದಾಗ ಮಾತು ಬೇರೆ. ಕನ್ನಡದಲ್ಲಿ ನಾವು ‘ಐನೂರು ರೂಪಾಯಿಗೆ’ ಎನ್ನುತ್ತೇವೆ: ಮೊದಲು ಸಂಖ್ಯೆ, ಆಮೇಲೆ ರೂಪಾಯಿ, ಕೊನೆಗೆ ವಿಭಕ್ತಿ. ಚಿಹ್ನೆ ಮುಂದೆ ಹೋದ ಕೂಡಲೆ ವಿಭಕ್ತಿಗೆ ಆಸರೆ ತಪ್ಪುತ್ತದೆ. ₹500ಕ್ಕೆ ಎಂದು ಬರೆದರೆ ವಿಭಕ್ತಿ ಐನೂರಕ್ಕೆ ಹೊಂದುತ್ತದೆ, ರೂಪಾಯಿಗೆ ಹೊಂದುವುದಿಲ್ಲ. ₹500ಗೆ ಎಂದು ಬರೆದರೆ ರೂಪಾಯಿಗೆ ಹೊಂದುತ್ತದೆ, ಕಣ್ಣೆದುರಿನ ಅಂಕಿಗೆ ಹೊಂದುವುದಿಲ್ಲ. ‘₹5 ಕೋಟಿ’ ಎಂದು ಬರೆದದ್ದನ್ನು ‘ಐದು ಕೋಟಿ ರೂಪಾಯಿ’ ಎಂದು ಓದಲು ಕಣ್ಣು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೂ ಇದೇ ಕಷ್ಟ. ಹಾಗಾಗಿ ಓಡುವ ಗದ್ಯದಲ್ಲಿ ‘500 ರೂಪಾಯಿಗೆ’ ಎಂದು ಬಿಡಿಸಿ ಬರೆಯುವುದೇ ಕನ್ನಡಕ್ಕೆ ಒಗ್ಗುವ ರೀತಿ. ಅಂಕಿಯ ಕೊನೆಗೆ /- ಹಾಕುವ ಅಭ್ಯಾಸವನ್ನೂ ಜಾಲಪುಟದಲ್ಲಿ ಬಿಡಬಹುದು. ಕೈಬರಹದ ಚೆಕ್ಕಿನಲ್ಲಿ ಯಾರೂ ಮುಂದೆ ಅಂಕಿ ಸೇರಿಸದಂತೆ ತಡೆಯಲು ಅದು ಬೇಕು, ಪರದೆಯ ಮೇಲೆ ಅದಕ್ಕೆ ಕೆಲಸವಿಲ್ಲ.

ತಮಿಳಿನಲ್ಲಿ ௹ (3065), ಗುಜರಾತಿಯಲ್ಲಿ ૱ (2801) ಎಂಬ ರೂಪಾಯಿ ಗುರುತುಗಳು ಆಯಾ ಲಿಪಿಯ ಯೂನಿಕೋಡ್ ವಿಭಾಗದಲ್ಲೇ ಇವೆ. ಕನ್ನಡ ವಿಭಾಗದಲ್ಲಿ ಅಂಥದ್ದು ಇಲ್ಲ. ‘ರೂ’ ಬರೆಯಲು ರ ಅಕ್ಷರವೂ ದೀರ್ಘದ ಕೊಂಬೂ ಸಾಕು. ಆದರೆ ಹಳೆಯ ಲೆಕ್ಕದ ಕಡತಗಳ ಕಾಲದ ಒಂದು ಸಂಪತ್ತು ಬೇರೆಡೆ ಸೇರಿಕೊಂಡಿದೆ. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ಕಾಲು, ಅರೆ, ಮುಕ್ಕಾಲು, ವೀಸ ಎಂಬ ಭಾಗಗಳನ್ನು ಬರೆಯಲು ಶಾನುಭೋಗರು, ವರ್ತಕರು ಗೆರೆಗಳ ಗುರುತು ಬಳಸುತ್ತಿದ್ದರು. ಭಾರತದ ಹಲವು ಲಿಪಿಗಳು ಹಂಚಿಕೊಂಡಿದ್ದ ಈ ಭಿನ್ನರಾಶಿಯ ಗುರುತುಗಳಿಗೆ 2009ರ ಯೂನಿಕೋಡ್ 5.2ರಲ್ಲಿ 43056ರಿಂದ 43061ರವರೆಗಿನ ಸ್ಥಾನ ಸಿಕ್ಕಿತು. ಅವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಕನ್ನಡದ ಹೆಸರೂ ಇದೆ. ಹದಿನಾರನೆಯ ಒಂದು ಭಾಗದ ಗುರುತು 43059ರಲ್ಲಿದೆ. ರೂಪಾಯಿಯ ಲೆಕ್ಕದಲ್ಲಿ ಅದು ಒಂದು ಆಣೆ. ಗೂಗಲ್ ಫಾಂಟ್ಸ್ ಜಾಲಪುಟಗಳಿಗೆ ಒದಗಿಸುವ ಕನ್ನಡ ಫಾಂಟುಗಳ ತುಣುಕಿನಲ್ಲಿ ಕನ್ನಡ ಅಕ್ಷರಗಳ ಜೊತೆ 8377 ಎಂಬ ಸಂಖ್ಯೆಯೂ ಸೇರಿದೆ, ಈ ಆರು ಹಳೆಯ ಗುರುತುಗಳ ಸಂಖ್ಯೆಗಳೂ ಸೇರಿವೆ.